ಹೆಸರೊಂದು, ಗಿಡವೊಂದು

ವೈದ್ಯನ ಲೇಖನಿಗೂ ರೋಗಿಯ ಬಾಯಿಗೂ ನಡುವೆ ಗ್ರಂಥಿಗೆ ಅಂಗಡಿಯೊಂದಿದೆ. ಔಷಧ ಫಲಿಸದಿದ್ದಲ್ಲಿ ಶಾಸ್ತ್ರವನ್ನು ಹಳಿಯುವವರುಂಟು, ವೈದ್ಯನನ್ನು ಹಳಿಯುವವರುಂಟು. ಪೊಟ್ಟಣದೊಳಗೆ ಬಂದ ಮೂಲಿಕೆ ಯಾವುದೆಂದು ಕೇಳುವವರು ವಿರಳ.

ಭಾಷೆಯನ್ನು ಓದಿಸುವವನಿಗೆ ಇದರಲ್ಲೇನು ಅಧಿಕಾರವೆಂದು ವಾಚಕ ಮಹಾಶಯರು ಕೇಳಬಹುದು. ತೊಡಕಿನ ಅರ್ಧಪಾಲು ಹೆಸರಿನದೇ ಆದುದರಿಂದ ನಿಘಂಟಿನ ಪರಿಚಯವುಳ್ಳವನೂ ಎರಡು ಮಾತನಾಡಬಹುದೆಂದು ಭಾವಿಸಿದ್ದೇನೆ. ಕೈವಾರದ ಸೀಮೆಯನ್ನೇ ನೋಡಿರಿ. ತಾತಯ್ಯನವರು ತೆಲುಗು, ಕನ್ನಡಗಳೆರಡರಲ್ಲೂ ಹಾಡಿದ ನೆಲವಿದು; ಗಿಡಗಳಿಗೂ ಎರಡೆರಡು ಹೆಸರು. ಕನ್ನಡದ ಒಂದೆಲಗ ತೆಲುಗಿನಲ್ಲಿ ಸರಸ್ವತಿ ಆಕು. ಅದನ್ನೇ ನಮ್ಮಲ್ಲಿ ಬಹುಮಂದಿ ಬ್ರಾಹ್ಮಿ ಎನ್ನುವರು. ಆಯುರ್ವೇದ ಔಷಧಕೋಶದ ಬ್ರಾಹ್ಮಿಯಾದರೋ ನೀರುಬ್ರಾಹ್ಮಿ. ಒಂದೆಲಗ ಅಲ್ಲಿ ಮಂಡೂಕಪರ್ಣಿ. ಕುಲವೇ ಬೇರೆ. ಒಂದೆಲಗದ ತಂಬುಳಿ ಉಂಡವನಿಗೆ ನಷ್ಟವೇನಿಲ್ಲ. ಅಳತೆಯಿಟ್ಟು ಕಟ್ಟುವ ಔಷಧಕ್ಕೆ ಈ ಉದಾರತೆ ಸಲ್ಲದು.

ಅಶೋಕದ ವಿಷಯ ಇದಕ್ಕಿಂತ ಗಂಭೀರ. ಸ್ತ್ರೀಯರ ಅತಿಯಾದ ರಕ್ತಸ್ರಾವಕ್ಕೆ ಕೊಡುವ ಅಶೋಕಾರಿಷ್ಟಕ್ಕೆ ಬೇಕಾದುದು ಕೆಂಗಿತ್ತಿಳೆ ಬಣ್ಣದ ಗೊಂಚಲು ಹೂವಿನ ನಿಜವಾದ ಅಶೋಕದ ತೊಗಟೆ. ಪಶ್ಚಿಮಘಟ್ಟದಲ್ಲಿ ಆ ಮರ ವಿರಳವಾಗುತ್ತಿದೆ. ತೊಗಟೆ ಸುಲಿಸಿಕೊಂಡ ಮರ ಉಳಿಯುವುದೂ ಕಷ್ಟ. ಬೇಡಿಕೆ ಮಾತ್ರ ಇಳಿದಿಲ್ಲ. ಆಗ ಆ ಸ್ಥಾನಕ್ಕೆ ಬರುವುದು ರಸ್ತೆಬದಿಯಲ್ಲಿ ಕಂಬದಂತೆ ನೆಟ್ಟಗೆ ನಿಲ್ಲುವ, ಹಸುರು ಹೂವಿನ ಮರ. ಜನರ ಬಾಯಲ್ಲಿ ಅದೂ ಅಶೋಕವೇ! ಒಣಗಿಸಿ ಕುಟ್ಟಿದ ಮೇಲೆ ಕಣ್ಣು ಇದನ್ನು ಅದರಿಂದ ಬೇರ್ಪಡಿಸಲಾರದು. ತಿಂಗಳುಗಟ್ಟಲೆ ಕುಡಿದೂ ಗುಣ ಕಾಣದ ಹೆಣ್ಣುಮಗಳು ಆ ವೇಳೆಗೆ ಎಷ್ಟು ರಕ್ತ ಕಳೆದುಕೊಂಡಿರುತ್ತಾಳೆ?

ಕಾನೂನು ಇಲ್ಲವೆಂದಲ್ಲ. 1940ರ ಔಷಧ ಕಾಯಿದೆಯೊಳಗೆ ಆಯುರ್ವೇದ ಔಷಧಗಳು 1964ರ ತಿದ್ದುಪಡಿಯಿಂದ ಸೇರಿದವು. ತಯಾರಿಕೆಯ ಕ್ರಮಗಳನ್ನು 2000ದಲ್ಲಿ ವಿಧಿಸಲಾಯಿತು. ಆದರೆ ಇವುಗಳ ಕೈ ಮುಖ್ಯವಾಗಿ ಕಾರ್ಖಾನೆಯ ಬಾಗಿಲಿನಿಂದ ಒಳಗೆ. ಬೆಟ್ಟದಲ್ಲಿ ಕಿತ್ತವನು, ಮೂಟೆ ಕಟ್ಟಿದವನು, ಬೂಸ್ಟು ಹಿಡಿದುದನ್ನು ಬಿಸಿಲಿಗೆ ಹಾಕಿ ಮಾರಿದವನು, ಇವರೆಲ್ಲ ಹೊಸ್ತಿಲಾಚೆ. ಕಿತ್ತವನಿಗೆ ಸಿಗುವುದು ಅಲ್ಪವಾದ ಕಾಸು. ಋತುವನ್ನು ಕಾಯಲು, ನೆರಳಲ್ಲಿ ಒಣಗಿಸಲು ಅವನಿಗೇಕೆ ವ್ಯವಧಾನ? ಅವನೊಬ್ಬನನ್ನೇ ದೂಷಿಸುವುದು ನ್ಯಾಯವೆಂದು ನನಗೆ ತೋರದು. ಒಳ್ಳೆಯ ಸರಕಿಗೆ ಹೆಚ್ಚಿನ ಬೆಲೆ ಕೊಡದ ವ್ಯಾಪಾರವೂ ಹೊಣೆಯೇ.

ಪೊಟ್ಟಣದ ಮೇಲೆ ಕನ್ನಡದ ಹೆಸರು, ಸಸ್ಯಶಾಸ್ತ್ರದ ಹೆಸರು, ಬೇರೋ ತೊಗಟೆಯೋ ಎಂಬ ವಿವರ, ಕಿತ್ತ ತಿಂಗಳು ಇವಿಷ್ಟನ್ನು ಗ್ರಾಹಕರು ಕೇಳಿ ಪಡೆಯಬೇಕು. ನಮ್ಮ ಹುಡುಗರಾದರೋ ಹದಿನಾಲ್ಕನೆಯ ಶತಮಾನದ ಮಂಗರಸನು ವಿಷವೈದ್ಯವನ್ನು ಕುರಿತು ಖಗೇಂದ್ರಮಣಿದರ್ಪಣ ಬರೆದನೆಂದು ಪರೀಕ್ಷೆಗೆ ಬಾಯಿಪಾಠ ಮಾಡುವರು. ಹಿತ್ತಲಿನ ಗಿಡವನ್ನು ಗುರುತಿಸಲಾರರು. ದಾನಿಗಳು ಒಂದು ಒಳ್ಳೆಯ ಸೂಕ್ಷ್ಮದರ್ಶಕವನ್ನು ಕೊಡಿಸಲಿ. ಎರಡು ಅಶೋಕಗಳ ತೊಗಟೆಯನ್ನೂ ಹೆಸರು ಬರೆದ ಗಾಜಿನ ಭರಣಿಗಳಲ್ಲಿ ವಿಜ್ಞಾನದ ಕೋಣೆಯೊಳಗಿಟ್ಟು, ಸೀಳಿ ನೋಡುವುದನ್ನು ಎಂಟನೆಯ ತರಗತಿಯಿಂದಲೇ ಆರಂಭಿಸಬಹುದು.