ಬಸ್ ಬಿಟ್ಟವರನ್ನು ಕೆಲಸಕ್ಕೆ ಮುಟ್ಟಿಸಿದ್ದು ಯಾರು?

ಡಿಸೆಂಬರ್ ಬಂತೆಂದರೆ ರೋಸಾ ಪಾರ್ಕ್ಸ್ ಬಗ್ಗೆ ಅದೇ ಲೇಖನ ಮತ್ತೆ ಅಚ್ಚಾಗುತ್ತದೆ: ದಣಿದ ಕಪ್ಪು ಹೆಣ್ಣುಮಗಳು, ಬಿಳಿಯರಿಗೆ ಬಿಟ್ಟುಕೊಡದ ಬಸ್ ಸೀಟು, ಎಚ್ಚೆತ್ತ ಜನ. ಒಬ್ಬರ ಧೈರ್ಯವೇ ಸಾಕು ಎಂಬ ಪಾಠವನ್ನು ಇದರಿಂದ ತೆಗೆಯುವವರ ಜೊತೆ ನನ್ನ ತಕರಾರಿದೆ. ಧೈರ್ಯ ಪಾರ್ಕ್ಸ್ ಊರಾದ ಅಮೆರಿಕದ ಮಾಂಟ್‌ಗೊಮೆರಿಯಲ್ಲಿ 1955ರ ಮಾರ್ಚ್‌ನಲ್ಲೇ ಇತ್ತು. ಹದಿನೈದರ ಹುಡುಗಿ ಕ್ಲಾಡೆಟ್ ಕಾಲ್ವಿನ್ ಸೀಟಿನಿಂದ ಏಳದೆ ಬಂಧನಕ್ಕೊಳಗಾದಳು. ಆದರೂ ಅಂದು ಬಸ್ ಬಹಿಷ್ಕಾರದ ಕರೆ ಹೊರಡಲಿಲ್ಲ. ಪಾರ್ಕ್ಸ್ ಬಂಧನದ ನಂತರ ಡಿಸೆಂಬರ್‌ನಲ್ಲಿ ಹೊರಟ ಕರೆ ನಿಂತದ್ದು, ನನ್ನ ಪ್ರಕಾರ, ಕಾರುಗಳ ಬಲದಿಂದ.

ಬಹಿಷ್ಕಾರ ನಡೆದದ್ದು 381 ದಿನ ಎಂಬ ಲೆಕ್ಕ ಎಲ್ಲರ ಬಾಯಲ್ಲಿದೆ. ಅದಕ್ಕಾಗಿ ಓಡಿದ್ದು ಸುಮಾರು 300 ವಾಹನ ಎಂಬುದು ಯಾರ ಬಾಯಲ್ಲೂ ಇಲ್ಲ. ಅಡುಗೆಗೆ, ಮನೆಗೆಲಸಕ್ಕೆ ಹೋಗುವ ಸಾವಿರಾರು ಜನ ಬಸ್ ಹತ್ತದಿದ್ದರೆ ಕೆಲಸಕ್ಕೆ ಮುಟ್ಟುವುದು ಹೇಗೆ? ಮೊದಲು ಕಪ್ಪು ಜನರ ಟ್ಯಾಕ್ಸಿಗಳು ಬಸ್ಸಿನ ದರಕ್ಕೇ, ಹತ್ತು ಸೆಂಟಿಗೆ ಓಡಿದವು. ಕನಿಷ್ಠ ದರ 45 ಸೆಂಟ್ ಎಂಬ ನಿಯಮ ತೋರಿಸಿ ನಗರಾಡಳಿತ ಅದಕ್ಕೆ ತಡೆಯೊಡ್ಡಿತು. ಆಗ ಬಹಿಷ್ಕಾರದ ಮುಂದಾಳು ಮಾರ್ಟಿನ್ ಲೂಥರ್ ಕಿಂಗ್ ಲೂಸಿಯಾನಾದ ಬ್ಯಾಟನ್ ರೂಜ್‌ನ ಪಾದ್ರಿ ಟಿ.ಜೆ. ಜೆಮಿಸನ್‌ಗೆ ಫೋನ್ ಮಾಡಿದರು. 1953ರಲ್ಲೇ ಬಸ್ ಬಹಿಷ್ಕರಿಸಿ ಕಾರುಗಳಲ್ಲಿ ಜನರನ್ನು ಸಾಗಿಸಿದ್ದ ಊರದು. ಆ ಅನುಭವ ಮಾಂಟ್‌ಗೊಮೆರಿಯಲ್ಲಿ ದೊಡ್ಡದಾಗಿ ಬೆಳೆಯಿತು. ಊರಿನ ಗಲ್ಲಿ ಗಲ್ಲಿ ಬಲ್ಲ ಅಂಚೆ ನೌಕರರು ಮಾರ್ಗಗಳ ನಕ್ಷೆ ಹಾಕಿದರು. ಜನ ಹತ್ತಲು, ಇಳಿಯಲು ಹತ್ತಾರು ನಿಲ್ದಾಣಗಳಾದವು. ಚರ್ಚುಗಳ ಹೆಸರಿನಲ್ಲಿ ಸ್ಟೇಷನ್ ವ್ಯಾಗನ್‌ಗಳು ಬಂದವು. ಪೆಟ್ರೋಲ್ ಖರ್ಚಿಗೆ ಜಾರ್ಜಿಯಾ ಗಿಲ್ಮೋರ್ ಎಂಬ ಅಡುಗೆಯಾಕೆ ಹೆಂಗಸರನ್ನು ಸೇರಿಸಿ ಕೋಳಿ ಕರಿದು, ಕೇಕ್ ಬೇಯಿಸಿ ಮಾರಿದರು. ಹಣ ಕೊಟ್ಟವರ ಹೆಸರು ಹೊರಬಿದ್ದರೆ ಅವರ ಕೆಲಸಕ್ಕೇ ಸಂಚಕಾರ. ಹಾಗಾಗಿ ಯಾರು ಎಷ್ಟು ಕೊಟ್ಟರೆಂದು ಗಿಲ್ಮೋರ್ ಬಾಯಿ ಬಿಡಲಿಲ್ಲ.

ಈ ಕಾರು ವ್ಯವಸ್ಥೆಯ ಬೆಲೆ ನಮ್ಮ ಅಂಕಣಕಾರರಿಗೆ ಗೊತ್ತಿಲ್ಲದಿದ್ದರೂ ನಗರಾಡಳಿತಕ್ಕೆ ಚೆನ್ನಾಗಿ ಗೊತ್ತಿತ್ತು. ಪೊಲೀಸರು ಚಾಲಕರ ಮೇಲೆ ದಂಡದ ಮೇಲೆ ದಂಡ ಜಡಿದರು. ವಾಹನಗಳ ವಿಮೆ ರದ್ದಾಯಿತು. ಕೊನೆಗೆ ಲಂಡನ್ನಿನ ಲಾಯ್ಡ್ಸ್‌ನಲ್ಲಿ ವಿಮೆ ಮಾಡಿಸಬೇಕಾಯಿತು. 1921ರ ಬಹಿಷ್ಕಾರ ವಿರೋಧಿ ಕಾನೂನಿನಡಿ ಕಿಂಗ್ ಸೇರಿ ಎಂಬತ್ತಕ್ಕೂ ಹೆಚ್ಚು ಮಂದಿಯ ಮೇಲೆ ಆರೋಪ ಹೊರಿಸಲಾಯಿತು. ಭಾಷಣಗಳಿಗೆ ಹೆದರಿದವರು ವಿಮೆಯ ಬೆನ್ನು ಹತ್ತುವುದಿಲ್ಲ.

ಗೆಲ್ಲಿಸಿದ್ದು ಕೋರ್ಟು ಎನ್ನುವವರಿದ್ದಾರೆ. ಕಾಲ್ವಿನ್ ಸೇರಿ ನಾಲ್ವರು ಮಹಿಳೆಯರು ಹೂಡಿದ ದಾವೆಯೇ ಪ್ರತ್ಯೇಕ ಸೀಟಿನ ಕಾನೂನನ್ನು ಕೆಡವಿತು, ನಿಜ. ಆದರೆ 1956ರ ಫೆಬ್ರವರಿಯಲ್ಲಿ ಹೂಡಿದ ದಾವೆಗೆ ಸುಪ್ರೀಂ ಕೋರ್ಟಿನ ಮುದ್ರೆ ಬಿದ್ದದ್ದು ನವೆಂಬರ್ 13ಕ್ಕೆ. ಅಲ್ಲಿಯವರೆಗೆ ಜನ ಸೋಲದಂತೆ ನೋಡಿಕೊಂಡವರು ಯಾರು? ಬ್ಯಾಟನ್ ರೂಜ್‌ನಲ್ಲಿ ಹೋರಾಟ ಸುಮಾರು ವಾರಕ್ಕೇ ರಾಜಿಯಲ್ಲಿ ಮುಗಿದಿತ್ತು: ಮುಂದಿನ ಸೀಟು ಬಿಳಿಯರಿಗೇ ಉಳಿಯಿತು. ಮಾಂಟ್‌ಗೊಮೆರಿಯವರೂ ಮೊದಲಿಗೆ ಕೇಳಿದ್ದು ಸೌಜನ್ಯದ ನಡವಳಿಕೆ, ಹಿಂದಿನಿಂದ ತುಂಬಿಕೊಂಡು ಬರುವ ಸೀಟಿನ ಕ್ರಮ, ಕಪ್ಪು ಚಾಲಕರ ನೇಮಕ, ಇಷ್ಟೇ. ಪೂರ್ಣ ಸಮಾನತೆಯವರೆಗೆ ಬೇಡಿಕೆ ಬೆಳೆಯಲು ಕಾಲಾವಕಾಶ ಕೊಟ್ಟದ್ದು ಆ ವಾಹನಗಳು.

ಸುಪ್ರೀಂ ಕೋರ್ಟಿನ ತೀರ್ಪು ಬಂದ ದಿನವೇ ಸ್ಥಳೀಯ ನ್ಯಾಯಾಲಯ ಈ ಕಾರು ವ್ಯವಸ್ಥೆಯನ್ನು ನಿಷೇಧಿಸಿತು. ತೀರ್ಪಿನ ಆದೇಶ ಊರಿಗೆ ತಲುಪಿದ್ದು ಡಿಸೆಂಬರ್ 20ಕ್ಕೆ. ನಡುವಿನ ಐದು ವಾರ ಜನ ನಡೆದರು, ನೆರೆಯವರ ಜೊತೆ ಸೇರಿ ಹೋದರು, ಬಸ್ ಮಾತ್ರ ಹತ್ತಲಿಲ್ಲ. ಹನ್ನೊಂದು ತಿಂಗಳು ಕಾರುಗಳಲ್ಲಿ ಕಟ್ಟಿದ ಒಗ್ಗಟ್ಟು ಕಾರುಗಳಿಲ್ಲದೆಯೂ ನಿಂತಿತು.