ವಾಟ್ಸಾಪಿನ ಸಿಟ್ಟು ನಡಾವಳಿ ಪುಸ್ತಕಕ್ಕೂ ಬರಲಿ

ಬೇಸಿಗೆ ಬಂತೆಂದರೆ ನಮ್ಮೂರಿನ ವಾಟ್ಸಾಪ್ ಗುಂಪಿನಲ್ಲಿ ಫೋಟೊಗಳದ್ದೇ ಸಾಲು. ಒಣಗಿದ ನಲ್ಲಿ, ಸರದಿಗಿಟ್ಟ ಕೊಡಗಳು, ಕಟ್ಟಿಕೊಂಡ ಚರಂಡಿ. ಕೆಳಗೆ ಸಿಟ್ಟಿನ ಮುಖಗಳು, ಒಂದೆರಡು ಬೈಗುಳ. ರಾತ್ರಿ ಯಾರೋ ಶುಭರಾತ್ರಿಯ ಹೂವಿನ ಚಿತ್ರ ಹಾಕುತ್ತಾರೆ. ಬೆಳಗಾಗುವಷ್ಟರಲ್ಲಿ ನಲ್ಲಿಯ ವಿಷಯ ಮರೆತೇಹೋಗಿರುತ್ತದೆ.

ಸುದ್ದಿಗಾಗಿ ಊರೂರು ತಿರುಗುವ ನಾವು ಇದನ್ನು ಎಲ್ಲ ಕಡೆ ನೋಡುತ್ತೇವೆ. ಗುಂಪಿನಲ್ಲಿ ಜೋರಾಗಿ ಮಾತಾಡುವ ಎಷ್ಟೋ ಜನ ಗ್ರಾಮಸಭೆಯ ದಿನ ಕಾಣುವುದಿಲ್ಲ. ನಾವೂ ಫೋಟೊ ಹಾಕಿ ಸುಮ್ಮನಾದವರೇ, ಸುಳ್ಳು ಹೇಳುವುದಿಲ್ಲ.

ಅದೇ ಫೋನಿನಲ್ಲಿ ಪಂಚಾಯ್ತಿಯ ಲೆಕ್ಕವೂ ಸಿಗುತ್ತದೆ. 2020ರ ಏಪ್ರಿಲ್ 24ರಂದು ಶುರುವಾದ ಇ-ಗ್ರಾಮ ಸ್ವರಾಜ್ ತಾಣದಲ್ಲಿ ಜಿಲ್ಲೆ, ತಾಲ್ಲೂಕು, ಪಂಚಾಯ್ತಿ ಆರಿಸಿದರೆ ಆ ವರ್ಷದ ಯೋಜನೆ, ಮಂಜೂರಾದ ಕಾಮಗಾರಿ, ಪಾವತಿಯ ವಿವರ ನೋಡಬಹುದು. 2021-22ರಿಂದ 2025-26ರವರೆಗಿನ 15ನೇ ಹಣಕಾಸು ಆಯೋಗದ ಅನುದಾನದಲ್ಲಿ ಶೇ 60ರಷ್ಟನ್ನು ನೀರು ಮತ್ತು ನೈರ್ಮಲ್ಯಕ್ಕೇ ಬಳಸಬೇಕೆಂಬ ನಿಯಮವಿತ್ತು. ನಲ್ಲಿ, ಚರಂಡಿಯ ಬಗ್ಗೆ ಕೇಳಲು ಇದಕ್ಕಿಂತ ಒಳ್ಳೆಯ ಆಧಾರ ಬೇಕೆ?

ನಮ್ಮ ಕಡೆಯ ಒಂದು ಹಳ್ಳಿಯ ಹುಡುಗರು ಹೀಗೆ ಹುಡುಕಿದಾಗ ತಮ್ಮ ಕೇರಿಯ ಚರಂಡಿಗೆ ಹಣ ಪಾವತಿಯಾಗಿರುವುದು ಕಂಡಿತು. ಕೇರಿಯಲ್ಲಿ ಚರಂಡಿಯೇ ಇರಲಿಲ್ಲ. ಗುಂಪಿನಲ್ಲಿ ಹಾಕಿ ಕೂಗಾಡುವ ಬದಲು ಆ ಪುಟದ ಪ್ರಿಂಟ್ ತೆಗೆಸಿ ಗ್ರಾಮಸಭೆಗೆ ತಂದರು. ಎದ್ದು ನಿಂತು ಕೇಳಿದ್ದು ಮಾತ್ರ ಫೋನೇ ಇಲ್ಲದ ಒಬ್ಬ ಅಜ್ಜಿ: 'ನಮ್ಮನೆ ಮುಂದಿನ ಚರಂಡಿ ಎಲ್ಲೋಯ್ತಪ್ಪಾ?' ಸಭೆ ನಕ್ಕಿತು. ಪಿಡಿಒ ಕಡತ ತರಿಸಿದರು. ಕೆಲಸ ಪಕ್ಕದ ಬೀದಿಯಲ್ಲಿ ಆಗಿತ್ತು, ಜಾಗ ಬದಲಾಗಿದ್ದನ್ನು ಯಾರಿಗೂ ಹೇಳಿರಲಿಲ್ಲ. ಮುಂದಿನ ಕ್ರಿಯಾ ಯೋಜನೆಯಲ್ಲಿ ಆ ಕೇರಿಯನ್ನು ಸೇರಿಸಬೇಕೆಂದು ನಡಾವಳಿಯಲ್ಲಿ ಬರೆಸಿಯೇ ಜನ ಎದ್ದರು. ಈಗ ಚರಂಡಿ ಅರ್ಧ ಆಗಿದೆ. ಉಳಿದರ್ಧ ಕೇಳಲು ಕೈಯಲ್ಲಿ ನಡಾವಳಿಯ ನಕಲಿದೆ.

ನಾವು ಹೇಳುವುದು ಇಷ್ಟೇ. ಫೋನಿನಲ್ಲಿ ಮಾಹಿತಿ ಸಿಗುತ್ತದೆ, ಆದರೆ ತೀರ್ಮಾನ ಆಗಬೇಕಾದ್ದು ಸಭೆಯಲ್ಲಿ. ನಡಾವಳಿಗೆ ಸೇರದ ಸಿಟ್ಟಿಗೆ ಯಾರೂ ಉತ್ತರ ಕೊಡಬೇಕಾಗಿಲ್ಲ. ಎರಡು ಗ್ರಾಮಸಭೆಗಳ ನಡುವೆ ಆರು ತಿಂಗಳಿಗಿಂತ ಹೆಚ್ಚು ಅಂತರ ಇರಬಾರದು ಎಂದು ನಮ್ಮ ರಾಜ್ಯದ ಪಂಚಾಯತ್ ರಾಜ್ ಕಾಯ್ದೆಯೇ ಹೇಳುತ್ತದೆ. ಸಭೆಯೇ ನಡೆದಿಲ್ಲವೆಂದರೆ ಮೊದಲು ಅದನ್ನೇ ಕೇಳಬೇಕು.

'ಎಲ್ಲರ ಕೈಯಲ್ಲೂ ಫೋನಿದೆ, ಸಭೆಯನ್ನೂ ಅದರಲ್ಲೇ ಮುಗಿಸಬಾರದೇಕೆ?' ಎನ್ನುವವರಿದ್ದಾರೆ. ನಾವು ಒಪ್ಪುವುದಿಲ್ಲ. ಎಷ್ಟೋ ಮನೆಗಳಲ್ಲಿ ಇರುವ ಒಂದು ಫೋನು ಗಂಡನ ಅಥವಾ ಮಗನ ಜೇಬಿನಲ್ಲಿರುತ್ತದೆ. ನೀರು ಹೊರುವುದು ಹೆಂಗಸರು. ಫೋನಿನಲ್ಲೇ ಸಭೆ ನಡೆದರೆ ಆ ಅಜ್ಜಿಯ ಪ್ರಶ್ನೆ ಕೇಳುವವರ್ಯಾರು?

ಪಂಚಾಯ್ತಿಗಳಿಗೆ ನಮ್ಮ ಬೇಡಿಕೆ ಮೂರು. ಸಭೆಯ ದಿನಾಂಕ ಒಂದು ವಾರ ಮೊದಲೇ ಟಾಂಟಾಂ ಜೊತೆಗೆ ವಾಟ್ಸಾಪಿನಲ್ಲೂ ಬರಲಿ. ಹೋದ ಸಭೆಯ ತೀರ್ಮಾನಗಳಲ್ಲಿ ಯಾವುದು ಆಗಿದೆ, ಯಾವುದು ಆಗಿಲ್ಲ ಎಂಬ ಪಟ್ಟಿಯೂ ಅದರ ಜೊತೆಗಿರಲಿ. ಸಭೆ ಮುಗಿದ ಮರುದಿನ ನಡಾವಳಿಯ ಪುಟಗಳ ಫೋಟೊ ಎಲ್ಲರಿಗೂ ತಲುಪಲಿ. ಇದಕ್ಕೆ ಹೊಸ ಆ್ಯಪ್ ಬೇಡ, ಹೆಚ್ಚಿನ ಖರ್ಚೂ ಇಲ್ಲ. ಮನಸ್ಸಿದ್ದರೆ ಸಾಕು.

ಓದುಗರಲ್ಲೂ ಒಂದು ಮಾತು. ತುರ್ತಿನ ದೂರಾದರೆ ಗುಂಪಿನಲ್ಲಿ ಹಾಕಿ ಕೂರಬೇಡಿ. ರಾಜ್ಯ ಸರ್ಕಾರದ 1902 ಸಹಾಯವಾಣಿಗೆ ಕರೆ ಮಾಡಿ ದೂರಿನ ಸಂಖ್ಯೆ ಬರೆದಿಟ್ಟುಕೊಳ್ಳಿ. ಆಗ 'ದೂರೇ ಬಂದಿಲ್ಲ' ಎಂದು ಯಾರೂ ಹೇಳಲಾರರು. ಉಳಿದದ್ದಕ್ಕೆ ಈ ವಾರವೇ ನಿಮ್ಮ ಪಂಚಾಯ್ತಿಯ ಯೋಜನೆ ತೆರೆದು ನಿಮ್ಮ ಬೀದಿಯ ಹೆಸರು ಹುಡುಕಿ. ಕಂಡದ್ದನ್ನು ಅಕ್ಕಪಕ್ಕದ ಫೋನಿಲ್ಲದ ಮನೆಯವರಿಗೆ ಓದಿ ಹೇಳಿ. ಮುಂದಿನ ಗ್ರಾಮಸಭೆಗೆ ಅವರನ್ನೂ ಕರೆದುಕೊಂಡು ಹೋಗಿ. ನಡಾವಳಿಯಲ್ಲಿ ನಿಮ್ಮ ಮಾತು ಸೇರಿತೋ ಇಲ್ಲವೋ ನೋಡಿಕೊಂಡೇ ಏಳಿ.