ಕಡಲ ತಳಕ್ಕೆ ಕಿವಿಗೊಡುವ ಕೆಲಸ

ಸಂಸೆಯ ಕಡೆಯಿಂದ ಹತ್ತುವ ಕುದುರೆಮುಖಕ್ಕೆ ಸಂಸೆಪರ್ವತ ಎಂಬ ಹಳೆಯ ಹೆಸರೂ ಇದೆ. ಮೋಡವಿಲ್ಲದ ದಿನ ಅದರ ನೆತ್ತಿಯಲ್ಲಿ ನಿಂತರೆ ಪಶ್ಚಿಮಕ್ಕೆ ಅರಬ್ಬಿ ಸಮುದ್ರ ಕಾಣುತ್ತದೆ. ಆದರೂ ಈ ಸೀಮೆಯ ಮನೆಯಲ್ಲಿ ಮಗನೋ ಮಗಳೋ ‘ಸಂಶೋಧನಾ ಹಡಗಿಗೆ ಸೇರುತ್ತೇನೆ’ ಎಂದರೆ ತಂದೆತಾಯಿಗಳಿಗೆ ಗಾಬರಿಯಾಗುವುದು ಸಹಜ. ಹಡಗೆಂದರೆ ವರ್ಷಗಟ್ಟಲೆ ಊರು ಬಿಡುವುದು ಎಂದೇ ನಮ್ಮ ಕಲ್ಪನೆ.

ಹಡಗೇನೂ ದೂರವಿಲ್ಲ. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆಯ ಸಾಗರ ಸಮೀಕ್ಷೆ ವಿಭಾಗದ ಕೇಂದ್ರ ಕಚೇರಿ ಮಂಗಳೂರಿನಲ್ಲಿದೆ. ದಕ್ಷಿಣ ಕೊರಿಯಾದಲ್ಲಿ ಕಟ್ಟಿದ, ನೂರು ಮೀಟರಿಗೂ ಹೆಚ್ಚು ಉದ್ದದ ‘ಸಮುದ್ರ ರತ್ನಾಕರ’ 2013ರಲ್ಲಿ ಈ ವಿಭಾಗವನ್ನು ಸೇರಿತು.

ಕಡಲ ತಳದ ಕೆಳಗಿನ ಶಿಲಾಪದರಗಳನ್ನು ಅರಿಯಲು ಇರುವ ಮುಖ್ಯ ವಿಧಾನ ಸೀಸ್ಮಿಕ್ ಸಮೀಕ್ಷೆ. ಹಡಗಿನ ಹಿಂದೆ ಎಳೆದೊಯ್ಯುವ ಏರ್ ಗನ್‌ಗಳು ಅದುಮಿಟ್ಟ ಗಾಳಿಯನ್ನು ಒಮ್ಮೆಲೇ ನೀರಿಗೆ ಬಿಡುತ್ತವೆ. ಆ ಸದ್ದು ಸೆಕೆಂಡಿಗೆ ಸುಮಾರು 1,500 ಮೀಟರ್ ವೇಗದಲ್ಲಿ ಇಳಿದು, ತಳವನ್ನೂ ಭೇದಿಸಿ, ಪದರ ಪದರಕ್ಕೂ ತಾಗಿ ಮರಳುತ್ತದೆ. ಮರಳಿದ್ದನ್ನು ಉದ್ದನೆಯ ಕೇಬಲ್ಲಿನೊಳಗಿರುವ ಹೈಡ್ರೋಫೋನ್‌ಗಳು ಗ್ರಹಿಸುತ್ತವೆ. ತೈಲ ಹುಡುಕುವ ಹಡಗುಗಳಲ್ಲಿ ಈ ಕೇಬಲ್ ಆರೆಂಟು ಕಿಲೋಮೀಟರ್ ಇರುವುದುಂಟು; ಸಂಸೆಯಿಂದ ಕಳಸದ ಕಡೆಗೆ ಅಷ್ಟು ದೂರ ನಡೆದರೆ ಅದರ ಉದ್ದ ಅರ್ಥವಾದೀತು! ಮುಂಬೈ ಹೈ ತೈಲಕ್ಷೇತ್ರದ ಸುಳಿವು 1960ರ ದಶಕದಲ್ಲಿ ಸಿಕ್ಕಿದ್ದೂ ಸೋವಿಯತ್ ಹಡಗೊಂದರ ಇಂಥ ಸಮೀಕ್ಷೆಯಿಂದಲೇ. 1974ರಲ್ಲಿ ಕೊರೆದಾಗ ತೈಲ ದೊರೆಯಿತು.

ಕೇಳಲು ರೋಮಾಂಚಕ, ಮಾಡಲು ಏಕತಾನದ ಕೆಲಸ. ಹತ್ತು ಸೆಕೆಂಡಿಗೊಮ್ಮೆ ಎಂಬಂತೆ ಸದ್ದು, ಹಗಲೂ ರಾತ್ರಿ. ಹನ್ನೆರಡು ಗಂಟೆಯ ಪಾಳಿ, ಭಾನುವಾರವೆಂಬುದಿಲ್ಲ. ಹಡಗು ನಿಧಾನವಾಗಿ ನೇರ ಗೆರೆಯಲ್ಲೇ ಸಾಗಬೇಕು. ಕೇಬಲ್ ಸಿಕ್ಕಾಗದಂತೆ ಮುಂದಿನ ಗೆರೆಗೆ ತಿರುಗುವುದಕ್ಕೇ ಗಂಟೆಗಳು ಬೇಕು. ಮೀನುಗಾರರ ಬಲೆ ಕೇಬಲ್ಲಿಗೆ ತೊಡಕಿದರೆ ನಷ್ಟ ಇಬ್ಬರಿಗೂ. ಹತ್ತಿರದಲ್ಲಿ ತಿಮಿಂಗಿಲ ಕಂಡರೆ ಸದ್ದು ನಿಲ್ಲಿಸಿ ಕಾಯುವ ನಿಯಮ ಹಲವು ಕಡೆ ಇದೆ. ಜೊತೆಗೆ ಮೊದಲ ದಿನಗಳ ವಾಂತಿ. (ಘಾಟಿಯ ಬಸ್ಸಿನಲ್ಲಿ ಕಿಟಕಿ ಪಕ್ಕದ ಸೀಟನ್ನೇ ಹುಡುಕುವವರು ಇದನ್ನು ಮುಂಚೆಯೇ ಯೋಚಿಸಲಿ.)

ಖಾಸಗಿ ಸಮೀಕ್ಷಾ ಹಡಗುಗಳಲ್ಲಿ ಐದು ವಾರ ಹಡಗು, ಐದು ವಾರ ಮನೆ ಎಂಬ ಪದ್ಧತಿ ಸಾಮಾನ್ಯ. ವರ್ಷಗಟ್ಟಲೆ ದೂರವಿರಬೇಕೆಂಬ ಭಯ ಬೇಡ. ಆದರೆ ಕಾಫಿ ಕೊಯ್ಲಿಗೆ ಆಳು ಸಿಗಲಿಲ್ಲವೆಂದೋ, ಅಜ್ಜಿಗೆ ಹುಷಾರಿಲ್ಲವೆಂದೋ ಫೋನ್ ಮಾಡಿದರೆ ಮರುದಿನ ಬಂದು ನಿಲ್ಲಲಾಗದು. ಇದನ್ನು ಕೆಲಸಕ್ಕೆ ಸೇರುವ ಮೊದಲೇ ಮನೆಯಲ್ಲಿ ಎಲ್ಲರೂ ಕುಳಿತು ಮಾತಾಡುವುದು ಒಳ್ಳೆಯದು.

ಪಿಯುಸಿಯಲ್ಲಿ ವಿಜ್ಞಾನ, ಅದರಲ್ಲೂ ಗಣಿತ ಮತ್ತು ಭೌತಶಾಸ್ತ್ರ ಗಟ್ಟಿಯಾಗಿರಲಿ. ಕೊಣಾಜೆಯ ಮಂಗಳೂರು ವಿಶ್ವವಿದ್ಯಾಲಯದಲ್ಲಿ ಸಾಗರ ಭೂವಿಜ್ಞಾನದ ವಿಭಾಗವಿದೆ. ಸರ್ವೇಕ್ಷಣಾ ಸಂಸ್ಥೆಗೆ ಸೇರಲು ಯುಪಿಎಸ್‌ಸಿ ನಡೆಸುವ ಭೂವಿಜ್ಞಾನಿ ಪರೀಕ್ಷೆ ಬರೆಯಬೇಕು. ಅದರ ಭೂಭೌತವಿಜ್ಞಾನಿ ಹುದ್ದೆಗೆ ಭೌತಶಾಸ್ತ್ರದ ಎಂ.ಎಸ್‌ಸಿ. ಆದವರೂ ಅರ್ಹರು.